ಸತ್ತ ಹಾರ್ಡ್ ಡಿಸ್ಕನ್ನ ಫ್ರೀಜರ್‌ಗೆ ಹಾಕಿಸ್ಬೇಡಿ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪತ್ರಿಕೆಯ ಟೆಕ್ ಪುಟದಲ್ಲಿ ಹಾರ್ಡ್ ಡಿಸ್ಕ್ ಕೆಟ್ಟೋದ್ರೆ ಮನೇಲೇ ಸರಿ ಮಾಡ್ಕೊಳ್ಳೋದು ಹೇಗೆ ಅಂತ ಒಂದು ಬರಹ ಬಂದಿತ್ತು. ಮೊದಲು ವಿಂಡೋಸ್‌ನಲ್ಲೇ ಬರೋ ಚೆಕ್ ಡಿಸ್ಕ್ ಅನ್ನೋ ಟೂಲ್ ಓಡಿಸಿ, ಆಗ್ಲಿಲ್ಲ ಅಂದ್ರೆ ಕವರ್‌ನಲ್ಲಿ ಸುತ್ತಿ ರಾತ್ರಿಯೆಲ್ಲಾ ಫ್ರೀಜರ್‌ನಲ್ಲಿಡಿ, ಅದಕ್ಕೂ ಜಗ್ಲಿಲ್ಲ ಅಂದ್ರೆ ಅದೇ ಮಾಡೆಲ್‌ನ ಇನ್ನೊಂದು ಡ್ರೈವ್‌ನ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಇದಕ್ಕೆ ಹಾಕಿ, ಇಷ್ಟು ಸಲಹೆ. ನಾನು ಡೇಟಾ ರಿಕವರಿ ಕೆಲಸ ಮಾಡೋನು. ಈ ಮೂರನ್ನೂ ಇದೇ ಆರ್ಡರ್‌ನಲ್ಲಿ ಮಾಡಿ ಮುಗಿಸಿ ಆಮೇಲೆ ನಮ್ಮ ಟೇಬಲ್‌ಗೆ ಬರೋ ಡ್ರೈವ್‌ಗಳು ಎಷ್ಟೋ ಇವೆ, ಅವುಗಳಲ್ಲಿ ಸುಮಾರು ಮೊದಲ ದಿನಾನೇ ಬಂದಿದ್ರೆ ಸುಲಭದಲ್ಲಿ ಮುಗೀತಿತ್ತು, ಅದಕ್ಕೇ ಈ ಪತ್ರ.

ಮೊದಲು ಒಂದು ವಿಷಯ ತಲೇಲಿ ಕೂರ್ಬೇಕು. ಡ್ರೈವ್ ರಿಪೇರಿ ಆಗೋದು ಬೇರೆ, ಡೇಟಾ ಸಿಗೋದು ಬೇರೆ. ಮೆಕ್ಯಾನಿಕಲ್ ಆಗಿ ಕೆಟ್ಟಿರೋ ಡ್ರೈವನ್ನ ಯಾರೂ ಮತ್ತೆ ವರ್ಷಗಟ್ಟಲೆ ಬಳಸೋಕೆ ಅಂತ ರಿಪೇರಿ ಮಾಡಲ್ಲ, ಡೇಟಾ ಎಳ್ಕೊಳ್ಳೋವರೆಗೆ ಅದು ಹೇಗಾದ್ರೂ ಉಸಿರಾಡಿದ್ರೆ ಸಾಕು, ಆಮೇಲೆ ಕಸಕ್ಕೆ. ನಿಮ್ಮ ಬರಹದ ಗಮನವೆಲ್ಲಾ ಡ್ರೈವನ್ನ ಎಬ್ಬಿಸೋದ್ರ ಮೇಲೇ ಇತ್ತು, ತಪ್ಪು ಶುರುವಾಗಿದ್ದೇ ಅಲ್ಲಿ.

ಒಳಗೆ ಏನಾಗುತ್ತೆ ನೋಡಿ. 7200 ಆರ್‌ಪಿಎಂ ಡ್ರೈವ್ ಅಂದ್ರೆ ಪ್ಲ್ಯಾಟರ್, ಅಂದ್ರೆ ಡೇಟಾ ಕೂರೋ ತಟ್ಟೆ, ನಿಮಿಷಕ್ಕೆ 7200, ಸೆಕೆಂಡಿಗೆ 120 ಸುತ್ತು, 3.5 ಇಂಚಿನ ಡ್ರೈವ್ ಆದ್ರೆ ಅದರ ಅಂಚು ಗಂಟೆಗೆ 120 ಕಿಲೋಮೀಟರ್‌ಗಿಂತ ಜೋರಾಗಿ ಓಡ್ತಿರುತ್ತೆ, ಅದರ ಮೇಲೆ ಬರೀ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಡೇಟಾ ಓದಿ ಬರೆಯೋ ಹೆಡ್ ತೇಲ್ತಿರುತ್ತೆ. ನಮ್ಮ ತಲೆಕೂದಲು ಹತ್ತಾರು ಸಾವಿರ ನ್ಯಾನೋಮೀಟರ್ ದಪ್ಪ. ಕಣ್ಣಿಗೆ ಕಾಣದ ಧೂಳು, ಬೆರಳಿನ ಜಿಡ್ಡು, ಯಾವುದೇ ಆಗ್ಲಿ ಆ ಹೆಡ್‌ಗೆ ಬೆಟ್ಟ. ಹೆಡ್ ಬಗ್ಗಿದ್ರೆ ಅದು ಓದೋ ಬದ್ಲು ಕೆರೆಯೋಕೆ ಶುರು ಮಾಡುತ್ತೆ, ಕೆರೆದು ಪುಡಿಯಾದ ಮ್ಯಾಗ್ನೆಟಿಕ್ ಪದರನ ವಾಪಸ್ ಅಂಟಿಸೋ ಸಾಫ್ಟ್‌ವೇರ್ ಇವತ್ತಿನವರೆಗೂ ಯಾರೂ ಬರೆದಿಲ್ಲ.

ಅದಕ್ಕೇ ಮೊದಲು ಕಿವಿ ಕೊಡ್ಬೇಕು. ಟಕ್ ಟಕ್ ಅಂತ ಒಂದೇ ಲಯದಲ್ಲಿ ಬಡೀತಿದ್ರೆ ಹೆಡ್‌ಗೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹೋಗಿ ಬರ್ತಿದೆ ಅಂತ. ಕೆಲವು ಸಲ ಯುಎಸ್‌ಬಿ ಕೇಬಲ್ ವೀಕಾಗಿ ಪವರ್ ಸಾಲ್ದೇ ಇದ್ರೂ ಹೀಗೇ ಆಗುತ್ತೆ, ಒಮ್ಮೆ ಕೇಬಲ್ ಬದಲಿಸಿ ನೋಡಿ, ಅಷ್ಟೇ, ಮತ್ತೆ ಮತ್ತೆ ಬೇಡ. ಸಣ್ಣ ಪೋರ್ಟಬಲ್ ಡ್ರೈವ್ ಬೀಪ್ ಬೀಪ್ ಅಂದ್ರೆ ಅದರಲ್ಲಿ ಸ್ಪೀಕರ್ ಏನೂ ಇಲ್ಲ, ಸಾಮಾನ್ಯವಾಗಿ ಹೆಡ್ ಪ್ಲ್ಯಾಟರ್‌ಗೆ ಕಚ್ಕೊಂಡು ಮೋಟರ್ ತಿರುಗೋಕಾಗದೆ ಒದ್ದಾಡೋ ಸದ್ದು ಅದು. ಈ ಎರಡರಲ್ಲಿ ಯಾವುದು ಕೇಳಿದ್ರೂ ಪವರ್ ತೆಗೀರಿ, ಕ್ಲೀನ್ ರೂಮ್, ಅಂದ್ರೆ ಧೂಳಿಲ್ಲದ ಕೋಣೆ, ಇರೋ ರಿಕವರಿಯೋರ ಹತ್ರ ಹೋಗಿ. ಸ್ಕ್ರೂ ತೆಗೆದು ಒಳಗೆ ಇಣುಕೋದು ಮಾತ್ರ ಬೇಡವೇ ಬೇಡ, ವಿಡಿಯೋದಲ್ಲಿ ಊಟದ ಟೇಬಲ್ ಮೇಲೆ ಮುಚ್ಚಳ ತೆಗೆದು ತೋರ್ಸೋರು ಅದರಲ್ಲಿ ಯಾರ ಮದುವೆ ಫೋಟೋ ಇತ್ತು ಅಂತ ಹೇಳಲ್ಲ.

ಈಗ ನಿಮ್ಮ ಮೊದಲನೇ ಸಲಹೆ. ಚೆಕ್ ಡಿಸ್ಕ್ ಅನ್ನೋದು ಡೇಟಾ ಉಳಿಸೋ ಟೂಲ್ ಅಲ್ಲ, ಯಾವ ಫೈಲ್ ಎಲ್ಲಿದೆ ಅಂತ ಬರೆದಿಡೋ ಫೈಲ್ ಸಿಸ್ಟಮ್‌ನ ಲೆಕ್ಕ ಸರಿ ಮಾಡೋ ಟೂಲ್. ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ ಅದು ಫೋಲ್ಡರ್ ಎಂಟ್ರಿಗಳನ್ನ ಕತ್ತರಿಸಿ ತುಂಡುಗಳನ್ನ ಬೇರೆ ಹೆಸರಲ್ಲಿ ಪಕ್ಕಕ್ಕೆ ಎಸೆಯುತ್ತೆ, ಅದೂ ಅದೇ ಡಿಸ್ಕ್ ಮೇಲೆ ಬರೆದು. ಡ್ರೈವ್ ಚೆನ್ನಾಗಿದ್ದು ಕರೆಂಟ್ ಹೋಗಿ ಸಿಸ್ಟಮ್ ಗಲಿಬಿಲಿ ಆಗಿದ್ರೆ ಅದು ಸರಿ, ಸಾಯ್ತಾ ಇರೋ ಡ್ರೈವ್‌ಗೆ ಅದು ಗಾಯದ ಮೇಲೆ ಬರೆ. ವಿಂಡೋಸ್ ಫಾರ್ಮ್ಯಾಟ್ ಮಾಡ್ಲಾ, ಇನಿಶಿಯಲೈಸ್ ಮಾಡ್ಲಾ ಅಂತ ಕೇಳಿದ್ರೂ ಕ್ಯಾನ್ಸಲ್ ಒತ್ತಿ.

ಡ್ರೈವ್ ತಿರುಗ್ತಿದೆ, ಸದ್ದು ಮಾಮೂಲಾಗಿದೆ, ಕಂಪ್ಯೂಟರ್‌ಗೆ ಕಾಣುತ್ತೆ, ಆದ್ರೆ ಫೋಲ್ಡರ್ ತೆಗೆದ್ರೆ ಹ್ಯಾಂಗ್ ಆಗುತ್ತೆ ಅಂದ್ರೆ ಬ್ಯಾಡ್ ಸೆಕ್ಟರ್, ಅಂದ್ರೆ ಓದೋಕಾಗದ ಕೆಟ್ಟ ಜಾಗ, ಇರೋ ಸಾಧ್ಯತೆ ಜಾಸ್ತಿ. ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡೋ ಸ್ಮಾರ್ಟ್ ರಿಪೋರ್ಟ್‌ನಲ್ಲಿ ಪೆಂಡಿಂಗ್ ಸೆಕ್ಟರ್ ಅನ್ನೋ ಸಾಲಿನ ಸಂಖ್ಯೆ ಸಾಮಾನ್ಯವಾಗಿ ಏರಿರುತ್ತೆ. ಇಂಥ ಡ್ರೈವ್‌ನ ಪೂರ್ತಿ ಕಾಪಿ ತೆಗೆಯೋದು ಮನೇಲಿ ಮಾಡಬಹುದಾದ ಮುಖ್ಯ ಕೆಲಸ, ನಿಮ್ಮ ಬರಹದಲ್ಲಿ ಇದರ ಸುದ್ದಿನೇ ಇಲ್ಲ! ಲಿನಕ್ಸ್‌ನಲ್ಲಿ ಗ್ನೂ ಡಿಡಿರೆಸ್ಕ್ಯೂ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಫೈಲ್ ಕಾಪಿ ಮಾಡೋಕೆ ಹೋದ್ರೆ ವಿಂಡೋಸ್ ಕೆಟ್ಟ ಜಾಗ ಸಿಕ್ಕ ಕೂಡ್ಲೇ ಅಲ್ಲೇ ಗುದ್ದಾಡ್ತಾ ಕೂರುತ್ತೆ, ಇದು ಹಾಗಲ್ಲ, ಸುಲಭವಾಗಿ ಓದೋಕಾಗೋ ಜಾಗನೆಲ್ಲಾ ಮೊದಲು ಬಾಚ್ಕೊಂಡು ಇನ್ನೊಂದು ಡಿಸ್ಕ್‌ಗೆ ಬರೆದು, ಕಷ್ಟದ ಜಾಗನ ಕೊನೆಗೆ ಇಟ್ಕೊಳ್ಳುತ್ತೆ, ಎಲ್ಲಿವರೆಗೆ ಆಯ್ತು ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕ್ಕೊಳ್ಳುತ್ತೆ, ಹಾಗಾಗಿ ಮಧ್ಯೆ ನಿಲ್ಲಿಸಿದ್ರೂ ಅಲ್ಲಿಂದಲೇ ಮುಂದುವರಿಸಬಹುದು. ಎರಡನೇ ಡಿಸ್ಕ್ ಮೊದಲನೇದರಷ್ಟಾದ್ರೂ ದೊಡ್ಡದಿರ್ಬೇಕು, ಯಾವುದರಿಂದ ಯಾವುದಕ್ಕೆ ಅನ್ನೋದನ್ನ ಎಂಟರ್ ಒತ್ತೋಕೆ ಮುಂಚೆ ಇನ್ನೊಮ್ಮೆ ಓದ್ಕೊಳ್ಳಿ, ಉಲ್ಟಾ ಆದ್ರೆ ಅಲ್ಲಿಗೆ ಕಥೆ ಮುಗೀತು. ಆಮೇಲೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಅಂತ ಫೈಲ್ ಹುಡುಕಿ ಕೊಡೋ ಪ್ರೋಗ್ರಾಂ ಏನೇ ಓಡಿಸಿದ್ರೂ ಆ ಕಾಪಿ ಮೇಲೆ ಓಡಿಸಿ, ಮೂಲ ಡ್ರೈವ್ ಮೇಲಲ್ಲ. ಕಾಪಿ ಆಗ್ತಿರೋವಾಗ ಟಕ್ ಟಕ್ ಶುರುವಾದ್ರೆ ಅಲ್ಲಿಗೇ ನಿಲ್ಸಿ.

ಫ್ರೀಜರ್ ವಿಷಯ. ತುಂಬಾ ಹಿಂದಿನ ಕೆಲವು ಡ್ರೈವ್‌ಗಳು ತಣ್ಣಗಾದಾಗ ಲೋಹ ಸ್ವಲ್ಪ ಕುಗ್ಗಿ ಕಚ್ಕೊಂಡಿದ್ದು ಬಿಟ್ಟು ಒಂದಷ್ಟು ನಿಮಿಷ ನಡೆದಿದ್ದುಂಟು, ಸುಳ್ಳು ಅನ್ನಲ್ಲ. ಆ ಹಳೇ ಕಥೇನೇ ಇನ್ನೂ ಓಡಾಡ್ತಿದೆ. ಈಗಿನ ಡ್ರೈವ್‌ನ ಹೊರಗೆ ತೆಗೆದ ಕೂಡ್ಲೇ ತೇವ ಹಿಡಿಯುತ್ತೆ, ಗಾಳಿ ಆಡೋಕೆ ಸಣ್ಣ ತೂತು ಇರೋ ಡ್ರೈವ್ ಆದ್ರೆ ಒಳಗೂ ಹಿಡಿಯಬಹುದು, ಮೇಲೆ ಹೇಳಿದ ನ್ಯಾನೋಮೀಟರ್ ಸಂದಿಯಲ್ಲಿ ನೀರಿನ ಹನಿ ಇದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ಬೋರ್ಡ್ ಬದಲಾಯಿಸೋದು ಒಂದು ಕಾಲಕ್ಕೆ ನಡೀತಿತ್ತು. ಈಗ ಪ್ರತಿ ಡ್ರೈವ್‌ಗೂ ಅದರದ್ದೇ ಹೆಡ್‌ಗೆ ತಕ್ಕಂತೆ ಫ್ಯಾಕ್ಟರಿಯಲ್ಲಿ ಹೊಂದಿಸಿದ ಲೆಕ್ಕ ಬೋರ್ಡ್ ಮೇಲಿನ ರೋಮ್ ಅನ್ನೋ, ಪವರ್ ಹೋದ್ರೂ ಅಳಿಯದ ಮೆಮೊರಿ ಚಿಪ್‌ನಲ್ಲಿರುತ್ತೆ, ಸಾಮಾನ್ಯವಾಗಿ ಎಂಟು ಕಾಲಿನ ಪುಟ್ಟ ಚಿಪ್, ಕೆಲವು ಮಾಡೆಲ್‌ನಲ್ಲಿ ದೊಡ್ಡ ಚಿಪ್ ಒಳಗೇ ಇರುತ್ತೆ. ಅದನ್ನ ಹಳೇ ಬೋರ್ಡಿಂದ ಹೊಸದಕ್ಕೆ ಸಾಗಿಸದೇ ಬರೀ ಬೋರ್ಡ್ ಹಾಕಿದ್ರೆ ಡ್ರೈವ್ ಏಳೋದು ಅಪರೂಪ. ಇನ್ನೊಂದು, ಬೋರ್ಡ್ ಸುಟ್ಟಿದೆ ಅಂದ್ಕೊಂಡಿರೋದು ಎಷ್ಟೋ ಸಲ ಬರೀ ಟಿವಿಎಸ್ ಡಯೋಡ್, ಅಂದ್ರೆ ಜಾಸ್ತಿ ವೋಲ್ಟೇಜ್‌ನಿಂದ ಕಾಪಾಡೋ ಸಣ್ಣ ಭಾಗ, ಆಗಿರುತ್ತೆ. 12 ವೋಲ್ಟ್ ಡ್ರೈವ್‌ಗೆ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಚುಚ್ಚಿದಾಗ ಅದು ಶಾರ್ಟ್ ಆಗಿ ತಾನು ಸತ್ತು ಮಿಕ್ಕಿದ್ದನ್ನ ಕಾಪಾಡುತ್ತೆ, ಡ್ರೈವ್ ಜಪ್ಪಯ್ಯ ಅಂದ್ರೂ ತಿರುಗಲ್ಲ. ಮಲ್ಟಿಮೀಟರ್ ಹಿಡಿಯೋಕೆ ಬರೋರು ಅದನ್ನ ಪರೀಕ್ಷಿಸಿ ತೆಗೆದ್ರೆ ಡ್ರೈವ್ ಏಳಬಹುದು, ಆದ್ರೆ ಆಮೇಲೆ ರಕ್ಷಣೆ ಇಲ್ಲ, ಸರಿಯಾದ ಅಡಾಪ್ಟರ್ ಹಾಕಿ ಡೇಟಾ ತಕ್ಕೊಂಡು ನಿಲ್ಲಿಸ್ಬೇಕು.

ಆಸೆ ಬಿಡಿ ಅಂತ ಮಾತ್ರ ನಾನು ಹೇಳ್ತಿಲ್ಲ. 2003ರಲ್ಲಿ ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಸಿಡಿದು ನೆಲಕ್ಕೆ ಬಿತ್ತಲ್ಲ, ಅದರ ಅವಶೇಷದಲ್ಲಿ ತಿಂಗಳುಗಳ ನಂತರ ಸಿಕ್ಕ ಸುಟ್ಟು ಕರಕಲಾದ ಒಂದು ಹಾರ್ಡ್ ಡಿಸ್ಕ್‌ನಿಂದ ಸುಮಾರು 99 ಶೇಕಡಾ ಡೇಟಾ ತೆಗೆದ್ರು, ಅದರಲ್ಲಿದ್ದ ವಿಜ್ಞಾನ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟ ಆಯ್ತು. ಎಲೆಕ್ಟ್ರಾನಿಕ್ಸ್ ಎಲ್ಲಾ ಹೋಗಿತ್ತು, ಆದ್ರೆ ಡೇಟಾ ಇದ್ದ ಕಡೆ ಪ್ಲ್ಯಾಟರ್ ಉಳಿದಿತ್ತು. ಆಕಾಶದಿಂದ ಬಿದ್ದಿದ್ದು ಸಿಕ್ತು, ಮನೇಲಿ ಮುಚ್ಚಳ ತೆಗೆದು ಬಟ್ಟೆಯಲ್ಲಿ ಒರೆಸಿದ್ದು ಸಿಗಲ್ಲ.

ತಿರುಗೋ ತಟ್ಟೆ ಇಲ್ಲದೆ ಬರೀ ಚಿಪ್‌ನಲ್ಲೇ ಡೇಟಾ ಇಡೋ ಎಸ್‌ಎಸ್‌ಡಿ ಇದ್ರೆ ಲೆಕ್ಕವೇ ಬೇರೆ. ಡಿಲೀಟ್ ಮಾಡಿದ ಫೈಲ್ ಹಾರ್ಡ್ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಅದರ ಮೇಲೆ ಬೇರೇನೋ ಬರೆಯೋವರೆಗೂ ಇರುತ್ತೆ, ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆದ ಜಾಗನ ಖಾಲಿ ಮಾಡು ಅಂತ ಹೇಳೋ ಟ್ರಿಮ್ ಆದೇಶ ಓಡಿದ್ಮೇಲೆ ಸಾಮಾನ್ಯವಾಗಿ ಹೋದ ಹಾಗೇ. ಮತ್ತೆ ಕೆಲವು ಎಕ್ಸ್‌ಟರ್ನಲ್ ಡ್ರೈವ್‌ಗಳಲ್ಲಿ ಯುಎಸ್‌ಬಿ ಬೋರ್ಡೇ ಡೇಟಾನ ಎನ್‌ಕ್ರಿಪ್ಟ್ ಮಾಡ್ತಿರುತ್ತೆ, ಪಾಸ್‌ವರ್ಡ್ ಹಾಕಿರದಿದ್ರೂ ಸಹ. ಹಾಗಾಗಿ ಕೇಸ್ ಒಡೆದು ಒಳಗಿನ ಡ್ರೈವ್ ಮಾತ್ರ ತಂದ್ರೆ ನಮಗೆ ಕಾಣೋದು ಬರೀ ಅರ್ಥವಾಗದ ಕಸ, ಆ ಬೋರ್ಡ್ ಮುರಿದಿದ್ರೂ ಬಿಸಾಕದೆ ಜೊತೇಲೇ ತನ್ನಿ.

ಮುಂದಿನ ವಾರ ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿಸಿ ಅನ್ನೋದಷ್ಟೇ ನನ್ನ ಕೋರಿಕೆ. ಜಾಗ ಕಡಿಮೆ ಇದ್ರೆ ಬೋರ್ಡ್ ವಿಷಯ ಬಿಟ್ರೂ ಪರ್ವಾಗಿಲ್ಲ, ಫ್ರೀಜರ್ ಮತ್ತು ಚೆಕ್ ಡಿಸ್ಕ್ ಎರಡನ್ನಂತೂ ಬಿಡ್ಬೇಡಿ.

ಇಂತಿ,
ನಿಮ್ಮ ಓದುಗ