ಪ್ರದರ್ಶನ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಎಲ್ರಿಗೂ ನಮಸ್ಕಾರ. ಬೆಂಗಳೂರಿನ ಗೇ ಮತ್ತು ಹಿಜ್ರಾ ಜನರ ಇತಿಹಾಸದ ನಮ್ಮ ಪ್ರದರ್ಶನ ಮುಗೀತು, ಫೋಟೋಗಳೆಲ್ಲ ಗೋಡೆಯಿಂದ ಇಳಿದು ಅವರವರ ಮನೆ ಸೇರಿದ್ವು, ಹಾಲ್ ಬಾಡಿಗೆನೂ ಕೊಟ್ಟಾಯ್ತು. ತುಂಬಾ ಜನ ಮೆಸೇಜ್ ಮಾಡಿದೀರ, ಒಬ್ಬೊಬ್ರಿಗೇ ಉತ್ತರ ಬರೆಯೋಕೆ ಆಗ್ತಿಲ್ಲ, ಅದಕ್ಕೆ ಎಲ್ರಿಗೂ ಸೇರಿಸಿ ಇಲ್ಲೇ ಬರೀತಿದೀನಿ. ನನ್ನ ಆರೋಗ್ಯದ ವಿಷಯ, ಇದು ಯಾಕೆ ಇಷ್ಟು ತಡ ಆಯ್ತು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಮತ್ತೆ ಬಿಡಿಸಿ ಹೇಳಲ್ಲ. ಈಗ ಆರಾಮಾಗಿದೀನಿ, ಊಟ ಸೇರ್ತಿದೆ, ಮೆಟ್ಟಿಲು ಹತ್ತೋಕಾಗ್ತಿದೆ.

ಫೋಟೋ ಸ್ಕ್ಯಾನ್ ಮಾಡಿಕೊಟ್ಟೋರು, ತಮಿಳು ಉರ್ದು ರೆಕಾರ್ಡಿಂಗ್ ಕೇಳಿ ಕನ್ನಡಕ್ಕೆ ಬರೆದುಕೊಟ್ಟ ಮೂವರು ಹುಡುಗೀರು, ಫ್ಲೆಕ್ಸ್ ಬೇಡ ಬಟ್ಟೆ ಮೇಲೇ ಪ್ರಿಂಟ್ ಮಾಡೋಣ ಅಂತ ಹಠ ಹಿಡಿದು ಗೆದ್ದ ಗೆಳೆಯ, ಟೀ ಕಾಸು ಇಸ್ಕೊಳ್ದೇ ಇದ್ದ ಪಕ್ಕದಂಗಡಿ ಅಣ್ಣ, ಆಫೀಸಲ್ಲಿ ನನ್ನ ಕೆಲಸ ಹಂಚ್ಕೊಂಡ ಟೀಮು, ಎಲ್ರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ನೋಡೋಕೆ ಬರೋಕಾಗದೇ ಇದ್ದೋರಿಗೆ ಒಂದೆರಡು ಮಾತು. ನಾವು ತಗೊಂಡಿದ್ದು ಇಡೀ ಬೆಂಗಳೂರಲ್ಲ, ಕಬ್ಬನ್ ಪಾರ್ಕಿಂದ ಕಂಟೋನ್ಮೆಂಟ್ ಕಡೆಗೆ ಹೋಗೋ ಆ ಒಂದು ಭಾಗ, ಹಳಬರು ಈಗಲೂ ದಂಡು ಅಂತಾರಲ್ಲ, ಅದು. ಕಬ್ಬನ್ ಪಾರ್ಕ್ 1870ರಲ್ಲಿ ಆಯ್ತು, ಸ್ಯಾಂಕಿ ಮಾಡ್ಸಿದ್ರು, ಮೊದಲು ಮೀಡ್ಸ್ ಪಾರ್ಕ್ ಅಂತಿದ್ರು, ಇದೆಲ್ಲ ಎಲ್ಲಾ ಪುಸ್ತಕದಲ್ಲೂ ಸಿಗುತ್ತೆ. ಆದ್ರೆ ಮೊಬೈಲು ಬರೋಕೆ ಮುಂಚೆ, ಕತ್ತಲಾದ್ಮೇಲೆ ಅದೇ ಬಿದಿರುಮೆಳೆಗಳ ಹತ್ರ ಈ ಊರಿನ ಎಷ್ಟೋ ಗಂಡಸ್ರು ಜೀವನದಲ್ಲಿ ಮೊದಲ ಸಲ "ನನ್ನಂಥೋರು ಇನ್ನೂ ಇದಾರೆ" ಅಂತ ಕಂಡ್ಕೊಂಡಿದ್ದು ಯಾವ ಬೋರ್ಡಲ್ಲೂ ಇಲ್ಲ. ಹಾಗೇ ಅದೇ ಮರಗಳ ಕೆಳಗೆ ಪೊಲೀಸ್ರು ಹಿಡಿದು, ವಾಚು ಉಂಗುರ ಬಿಚ್ಚಿಸ್ಕೊಂಡು, 377 (ಸಲಿಂಗ ಸಂಬಂಧ ಅಪರಾಧ ಅಂತಿದ್ದ ಆಗಿನ ಸೆಕ್ಷನ್) ಹಾಕ್ತೀನಿ ಮನೆಗೆ ಹೇಳ್ತೀನಿ ಅಂತ ಹೆದರಿಸಿದ್ದೂ ಬೋರ್ಡಲ್ಲಿಲ್ಲ. 2001ರಲ್ಲಿ ಪಿಯುಸಿಎಲ್ ಕರ್ನಾಟಕ ಅನ್ನೋ ಮಾನವ ಹಕ್ಕು ಸಂಘಟನೆಯೋರು ಬೆಂಗಳೂರಲ್ಲಿ ನಮ್ಮ ಜನರ ಮೇಲೆ ನಡೆಯೋ ದೌರ್ಜನ್ಯದ ಬಗ್ಗೆ ವರದಿ ತಂದ್ರು, 2003ರಲ್ಲಿ ಕೋಥಿ (ಹೆಣ್ಣಿನ ಹಾವಭಾವ ಇರೋ ಗಂಡಸ್ರು) ಮತ್ತು ಹಿಜ್ರಾ ಸೆಕ್ಸ್ ವರ್ಕರ್‌ಗಳ ಮೇಲೆ ಇನ್ನೊಂದು. ಆ ಎರಡು ಪುಸ್ತಕ ಇಲ್ಲದಿದ್ರೆ ಇದೆಲ್ಲ ಬರೀ ಪಿಸುಮಾತಾಗಿ ಉಳೀತಿತ್ತು. ಬರೆದೋರಿಗೆ ನಮಸ್ಕಾರ, ಆದ್ರೆ ಅದಕ್ಕಿಂತ ದೊಡ್ಡ ನಮಸ್ಕಾರ ಆ ಕಾಲದಲ್ಲಿ ಧೈರ್ಯ ಮಾಡಿ ಕೂತು ಹೇಳಿಕೆ ಕೊಟ್ಟೋರಿಗೆ, ಅವರಲ್ಲಿ ಎಷ್ಟೋ ಜನ ಈಗ ಇಲ್ಲ.

ಹೇಳಿಕೆ ಕೊಟ್ಟೋರಲ್ಲಿ ಒಬ್ರು ಹಿಜ್ರಾ ಅಕ್ಕ. ಹೆಸರು ಹಾಕ್ಬೇಡ ಅಂದಿದಾರೆ, ಹಾಕಲ್ಲ. ಪ್ರದರ್ಶನಕ್ಕೆ ಬಂದೋರೆಲ್ಲ ಬಾಗಿಲ ಹತ್ರ ಹಸಿರು ಸೀರೇಲಿ ಕೂತು ಎಲ್ರನ್ನೂ "ಊಟ ಆಯ್ತಾ" ಅಂತ ಕೇಳ್ತಿದ್ದ ಅವ್ರನ್ನ ನೋಡಿರ್ತೀರ.

ನಾನು ಆಸ್ಪತ್ರೆಯಲ್ಲಿದ್ದ ಆ ರಾತ್ರಿ ನನ್ನ ಜೊತೆಗಾರ ಹುಬ್ಬಳ್ಳಿಯಲ್ಲಿದ್ದ, ಬೆಳಗಿನ ಜಾವದ ತನಕ ಬರೋಕೆ ಸಾಧ್ಯವೇ ಇರ್ಲಿಲ್ಲ. ಅವನು ಫೋನ್ ಮಾಡಿದ್ದು ಅಕ್ಕನಿಗೆ. ಅಕ್ಕ ಆಟೋ ಹಿಡ್ಕೊಂಡು ಬಂದ್ರು. ಗೇಟಲ್ಲಿ ಸೆಕ್ಯೂರಿಟಿ ಒಳಗೆ ಬಿಡಲ್ಲ ಅಂದ, ಜಗಳ ಆಡಿ ಒಳಗೆ ಬಂದ್ರೆ ವಾರ್ಡಲ್ಲಿ ಇದು ಗಂಡಸ್ರ ವಾರ್ಡು ಜೊತೇಲಿರೋರು ಗಂಡಸ್ರೇ ಆಗಿರ್ಬೇಕು ಅಂದ್ರು, ಒಂದು ನಿಮಿಷ ಆದ್ಮೇಲೆ ಅವರೇ, ನೀವು ಹೆಂಗಸ್ರೂ ಅಲ್ವಲ್ಲ ಅಂದ್ರು. ಹಾಸಿಗೆ ಮೇಲೆ ಮಲಗಿ ಇದೆಲ್ಲ ಕಿವಿಗೆ ಬೀಳ್ತಿತ್ತು, ಮಾತಾಡೋಕೆ ಶಕ್ತಿ ಇರ್ಲಿಲ್ಲ. ಸಂಬಂಧ ಏನು, ಬ್ಲಡ್ ರಿಲೇಷನ್ನಾ ಅಂತ ಫಾರಂ ಹಿಡ್ಕೊಂಡು ಕೇಳಿದೋಳಿಗೆ ಅಕ್ಕ ಹೇಳಿದ್ದು ಇವತ್ತಿಗೂ ನನ್ನ ಕಿವೀಲಿದೆ. "ತಾಯಿ ಅಂತ ಬರ್ಕೋ. ಏನ್ ನೋಡ್ತೀಯ, ಬರ್ಕೋ."

ಬರ್ಕೊಂಡ್ರು. ನೈಟ್ ಡ್ಯೂಟಿಯಲ್ಲಿದ್ದ ಇನ್ನೊಬ್ಬ ಸಿಸ್ಟರ್ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ರು. ಸಿಸ್ಟರ್, ನಿಮ್ಮ ಹೆಸರೂ ಕೇಳೋಕಾಗ್ಲಿಲ್ಲ, ಆ ಕುರ್ಚಿಗೆ ಥ್ಯಾಂಕ್ಸ್.

ನಾನು ನಿದ್ದೆ ಹೋಗ್ಬಾರ್ದು ಅಂತ ಡಾಕ್ಟರ್ ಹೇಳಿದ್ರೋ, ಅಕ್ಕನೇ ಹಾಗೆ ಅಂದ್ಕೊಂಡ್ರೋ ಗೊತ್ತಿಲ್ಲ, ರಾತ್ರಿಯಿಡೀ ನನ್ನ ಕೈ ಬಿಡದೇ ಮಾತಾಡ್ತಾನೇ ಇದ್ರು. ಕೋಲಾರದ ಕಡೆಯಿಂದ ಹದಿನಾರು ವಯಸ್ಸಿಗೆ ರೈಲು ಹತ್ತಿ ಬಂದಿದ್ದು, ಕಂಟೋನ್ಮೆಂಟ್ ಸ್ಟೇಷನ್ನಲ್ಲಿ ಇಳಿದು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ದೇ ನಿಂತಿದ್ದು, ಯಾರೋ ಇನ್ನೊಬ್ಬ ಹಿಜ್ರಾ ಅಮ್ಮ ನೋಡಿದ ತಕ್ಷಣ ಗುರುತು ಹಿಡಿದು ಹಮಾಮಿಗೆ ಕರ್ಕೊಂಡು ಹೋಗಿದ್ದು.

ಹಮಾಮ್ ಅಂದ್ರೆ ಈಗಿನ ಹುಡುಗರಿಗೆ ಸೋಪು ಮಾತ್ರ ನೆನಪಾಗುತ್ತೆ ಅದಕ್ಕೆ ಹೇಳ್ತೀನಿ. ನಮ್ಮ ಊರಲ್ಲಿ ಹಿಜ್ರಾಗಳು ನಡೆಸ್ತಿದ್ದ ಬಿಸಿನೀರಿನ ಸ್ನಾನದ ಮನೆಗಳು ಅವು. ಬೆಳಗಿನ ಜಾವಕ್ಕೆ ಎದ್ದು ಸೌದೆ ಹಾಕಿ ಒಲೆ ಹೊತ್ತಿಸಿ ದೊಡ್ಡ ಹಂಡೆಯಲ್ಲಿ ನೀರು ಕಾಯಿಸೋದು, ಮನೇಲಿ ಬಚ್ಚಲು ಇಲ್ಲದ ಕೂಲಿಯೋರು, ಹಮಾಲಿಗಳು, ಗ್ಯಾರೇಜ್ ಹುಡುಗ್ರು ಬಂದು ಕಾಸು ಕೊಟ್ಟು ಸ್ನಾನ ಮಾಡ್ಕೊಂಡು ಕೆಲಸಕ್ಕೆ ಹೋಗೋದು. ಸೆಕ್ಸ್ ವರ್ಕೂ ಅಲ್ಲೇ ನಡೀತಿತ್ತು, ಅಕ್ಕ ಅದನ್ನ ಮುಚ್ಚಿಡಲ್ಲ, ನಾನ್ಯಾಕೆ ಮುಚ್ಚಿಡಲಿ. ಹಿಂದೆ ಒಂದು ರೂಮಲ್ಲಿ ಗುರು, ಚೇಲಾಗಳು, ಊರಿಂದ ಓಡಿಬಂದ ಹೊಸ ಹುಡುಗೀರು ಎಲ್ಲ ಒಟ್ಟಿಗೆ ಮಲಗೋದು. ಬೇರೆ ಊರಲ್ಲಿ ಹಿಜ್ರಾ ಮನೆ ಅಂದ್ರೆ ಬಾಗಿಲು ಹಾಕಿರೋ ಮನೆ, ಬೆಂಗಳೂರಲ್ಲಿ ಮಾತ್ರ ದಿನಾ ಬೆಳಗ್ಗೆ ಊರಿಗೇ ಬಾಗಿಲು ತೆಗೀತಿದ್ವಿ ಅನ್ನೋದು ಅಕ್ಕನ ಹೆಮ್ಮೆ. "ನಮ್ಮನ್ನ ಮುಟ್ಟಿಸ್ಕೊಳ್ಳಲ್ಲ ಅಂತಿದ್ರಲ್ಲ, ಅವರೇ ನಾವು ಕಾಯಿಸಿದ ನೀರಲ್ಲಿ ಸ್ನಾನ ಮಾಡ್ಕೊಂಡು ಹೋಗ್ತಿದ್ರು ಮಗಾ." ಈ ಮಾತೇ ಪ್ರದರ್ಶನದ ಮೊದಲ ಬಟ್ಟೆ ಮೇಲೆ ಇದ್ದಿದ್ದು. ಎ. ರೇವತಿಯಮ್ಮ ಕೂಡ ಬೆಂಗಳೂರಿನ ಹಮಾಮಲ್ಲಿ ಇದ್ದು ಆಮೇಲೆ ಸಂಗಮ ಅನ್ನೋ ಹಕ್ಕುಗಳ ಸಂಸ್ಥೆ ಸೇರಿ, ಆ ಜೀವನನ ತಮ್ಮ ಆತ್ಮಕಥೇಲಿ ಬರೆದಿದಾರೆ. ಓದದೇ ಇರೋರು ದಯವಿಟ್ಟು ಓದಿ.

ಅವತ್ತು ರಾತ್ರಿ ಅಕ್ಕ ಸತ್ತೋರ ಹೆಸರುಗಳನ್ನ ಹೇಳಿದ್ರು. ಒಂದೊಂದೇ ಹೆಸರು, ಅವ್ರಿಗೆ ಏನು ತಿನ್ನೋಕೆ ಇಷ್ಟ, ಯಾವ ಹಾಡು ಹಾಡ್ತಿದ್ರು, ಹೇಗೆ ಹೋದ್ರು. ಎಚ್‌ಐವಿ ಬಂದು ಔಷಧಿ ಸಿಗೋ ಮೊದಲೇ ಹೋದೋರು ಎಷ್ಟು ಜನ ಅಂತ ಕೇಳ್ಕೊಂಡು ಮಲಗಿದ್ದಾಗ ಒಂದು ಕ್ಷಣ ನಾನೂ ಆ ಪಟ್ಟಿಗೆ ಸೇರ್ತೀನೇನೋ ಅನ್ನಿಸ್ತು. ಅಕ್ಕನಿಗೆ ಅದು ಗೊತ್ತಾಯ್ತೋ ಏನೋ, ನನ್ನ ಕೆನ್ನೆ ತಟ್ಟಿ "ನೀನು ಬರೀಬೇಕು, ನಂಗೆ ಬರೆಯೋಕೆ ಬರಲ್ಲ" ಅಂದ್ರು. ಈ ಪ್ರದರ್ಶನ ಹುಟ್ಟಿದ್ದು ಅಲ್ಲಿ. ಅದಕ್ಕೆ ಮುಂಚೆ ನನ್ನ ಹತ್ರ ಇದ್ದಿದ್ದು ಪೇಪರ್ ಕಟಿಂಗು, ಇಸವಿಗಳು ಮಾತ್ರ.

ಇಸವಿಗಳೂ ಬೇಕು, ಇಲ್ಲ ಅನ್ನಲ್ಲ. 1994ರಲ್ಲಿ ಗುಡ್ ಆಸ್ ಯೂ ಅನ್ನೋ ನಮ್ಮೋರ ಗುಂಪು ಶುರುವಾಗಿ ಗುರುವಾರ ಗುರುವಾರ ಒಂದಷ್ಟು ಜನ ಸೇರಿ ಮಾತಾಡೋಕೆ ಒಂದು ಕೋಣೆ ಸಿಕ್ತು, 1997ರಲ್ಲಿ ನಾಗರಭಾವಿ ಲಾ ಸ್ಕೂಲಲ್ಲಿ ಗೇ ಹಕ್ಕುಗಳ ಬಗ್ಗೆ ಸೆಮಿನಾರ್ ಆಯ್ತು, 1999ರಲ್ಲಿ ಸಂಗಮ ಬಂತು. ಸಂಗಮದಿಂದ ಆಗಿದ್ದು ಏನಂದ್ರೆ ಇಂಗ್ಲಿಷ್ ಬರೋ ಗುರುವಾರದ ಕೋಣೆಯೋರು ಮತ್ತು ಹಮಾಮಿನೋರು ಒಂದೇ ಪೊಲೀಸ್ ಸ್ಟೇಷನ್ ಮುಂದೆ ಒಟ್ಟಿಗೆ ನಿಲ್ಲೋ ಹಾಗಾಯ್ತು. ನನಗೆ ಈ ಇತಿಹಾಸದಲ್ಲಿ ತುಂಬಾ ಮುಖ್ಯ ಅನ್ನಿಸೋದು ಅದೇ. ಗೇ ಹುಡುಗ್ರು ತಾವು ಹಿಜ್ರಾಗಳ ಥರ ಅಲ್ಲ ಅಂತ ದೂರ ಹೋಗೋದು ಈಗಲೂ ಇದೆ, ನನಗೆ ಅದು ನೋವಾಗುತ್ತೆ, ಯಾಕಂದ್ರೆ ಲಾಠಿ ಏಟು ಮೊದಲು ತಿಂದೋರು ಅವ್ರು, ಬೀದೀಲಿ ಕಣ್ಣಿಗೆ ಕಾಣೋ ಹಾಗೆ ಬದುಕಿದೋರು ಅವ್ರು, ನಾವು ಶರ್ಟು ಪ್ಯಾಂಟು ಹಾಕ್ಕೊಂಡು ಜನರ ಮಧ್ಯೆ ಕರಗಿಹೋಗಬಹುದಿತ್ತು.

2008 ಜೂನ್ 29ರ ಮೊದಲ ಪ್ರೈಡ್ ಮೆರವಣಿಗೆಗೆ ನಾನು ಹೋಗ್ಲಿಲ್ಲ, ರಸ್ತೆ ಆ ಕಡೆ ನಿಂತು ನೋಡಿದೆ. ಬಸವನಗುಡಿ ನ್ಯಾಷನಲ್ ಕಾಲೇಜಿಂದ ಟೌನ್ ಹಾಲ್ ತನಕ, ಎಷ್ಟೋ ಜನ ಮುಖಕ್ಕೆ ಮುಖವಾಡ ಹಾಕ್ಕೊಂಡಿದ್ರು. ಅಕ್ಕ ಮುಖವಾಡ ಹಾಕಿರ್ಲಿಲ್ಲ, ತಮಟೆಗೆ ಕುಣೀತಾ ಹೋಗ್ತಿದ್ರು. ಅವ್ರ ಪರಿಚಯ ನಂಗೆ ಆಗಿದ್ದು ಎಷ್ಟೋ ವರ್ಷ ಆದ್ಮೇಲೆ, ಆದ್ರೆ ಆ ಕುಣಿತ ನೆನಪಿತ್ತು.

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಸೇರಿಸಿದ್ರು, ಅನುಮಾನ ಬಂದ ಹಿಜ್ರಾಗಳ ಹೆಸರು ವಿಳಾಸ ರಿಜಿಸ್ಟರಲ್ಲಿ ಬರೆದಿಡೋ ಅಧಿಕಾರ ಪೊಲೀಸ್ ಕಮಿಷನರಿಗೆ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟಲ್ಲಿ ಇಟ್ಟಿದ್ದ ರಿಜಿಸ್ಟರೇ ಮತ್ತೆ ಬಂದ ಹಾಗೆ. ಅಕ್ಕ ಹೇಳೋದು, ಆ ಸುದ್ದಿ ಕೇಳಿದಾಗ ಹಮಾಮಲ್ಲಿ ಅವತ್ತು ಯಾರೂ ಊಟ ಮಾಡ್ಲಿಲ್ಲ ಅಂತ. ಕರ್ನಾಟಕ ಸೆಕ್ಷುಯಲ್ ಮೈನಾರಿಟೀಸ್ ಫೋರಂನೋರು ಹೈಕೋರ್ಟಿಗೆ ಹೋದ್ರು, 2016ರಲ್ಲಿ ಸರ್ಕಾರ ತಿದ್ದುಪಡಿ ತಂದು ಅದರಲ್ಲಿದ್ದ 'ಯೂನಕ್' (ನಪುಂಸಕ) ಅನ್ನೋ ಪದ ತೆಗೀತು. ಹೈಕೋರ್ಟ್ ಇರೋ ಅಠಾರಾ ಕಚೇರಿ ಕಬ್ಬನ್ ಪಾರ್ಕಿಗೆ ಅಂಟ್ಕೊಂಡೇ ಇದೆ, ಯಾವ ಪಾರ್ಕಿಂದ ನಮ್ಮೋರನ್ನ ಓಡಿಸ್ತಿದ್ರೋ ಅದರ ಪಕ್ಕದ ಕೆಂಪು ಕಟ್ಟಡಕ್ಕೆ ನಮ್ಮೋರೇ ಅರ್ಜಿ ಹಿಡ್ಕೊಂಡು ಹೋದ್ರು. ಪ್ರದರ್ಶನದಲ್ಲಿ ನಾವು ಇಟ್ಟಿದ್ದ ಮ್ಯಾಪಲ್ಲಿ ಈ ಎರಡು ಜಾಗ ಒಂದರ ಪಕ್ಕ ಒಂದು ನೋಡಿ ಒಬ್ರು ಹಿರಿಯ ವಕೀಲ್ರು ತುಂಬಾ ಹೊತ್ತು ನಿಂತಿದ್ರು.

377ರ ವಿರುದ್ಧ ಬಂದ 2009ರ ದೆಹಲಿ ಹೈಕೋರ್ಟ್ ತೀರ್ಪಿನ ಖುಷಿ, 2013 ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನ ಕಿತ್ಕೊಂಡಿದ್ದು, ಟ್ರಾನ್ಸ್‌ಜೆಂಡರ್ ಜನರ ಹಕ್ಕು ಒಪ್ಪಿದ 2014ರ ನಾಲ್ಸಾ ತೀರ್ಪು, ನಮ್ಮ ಪ್ರೀತಿ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ 2018 ಸೆಪ್ಟೆಂಬರ್ 6, ಇವನ್ನ ನಾನು ಬರೆಯೋದು ಬೇಡ, ನೀವೆಲ್ಲ ಅವತ್ತವತ್ತು ಎಲ್ಲಿದ್ರಿ ಅಂತ ನಿಮಗೇ ಗೊತ್ತು. 2004ರಲ್ಲಿ ನಮ್ಮನ್ನ ಬಿಟ್ಟುಹೋದ ಹಿಜ್ರಾ ಹೋರಾಟಗಾರ್ತಿ ಫಮೀಲಾ ಇವ್ಯಾವುದನ್ನೂ ನೋಡ್ಲಿಲ್ಲ ಅನ್ನೋದು ಮಾತ್ರ ನನ್ನ ಮನಸ್ಸಿಂದ ಹೋಗಲ್ಲ. 2021ರಲ್ಲಿ ರಾಜ್ಯ ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇಕಡಾ 1 ಮೀಸಲಾತಿ ಬಂತು, ಸಂಗಮ ಕೋರ್ಟಲ್ಲಿ ಹೋರಾಡಿದ್ದಕ್ಕೆ ಬಂತು. ಈಗಿನ ಕಾಲದಲ್ಲಿ ಹುಟ್ಟಿದ್ರೆ ನಾನು ಪೊಲೀಸ್ ಆಗ್ತಿದ್ದೆ ಅಂತಾರೆ ಅಕ್ಕ, ನಗದೇ ಹೇಳ್ತಾರೆ.

ಒಂದು ವಿಷಯ ಬರೀಬೇಕೋ ಬೇಡ್ವೋ ಅಂತ ಯೋಚನೆ ಮಾಡ್ತಿದ್ದೆ. ಬರೀತೀನಿ. ಆಸ್ಪತ್ರೆಗೆ ನಮ್ಮ ಮನೆಯಿಂದ ಯಾರೂ ಬರ್ಲಿಲ್ಲ. ಅಪ್ಪನಿಗೆ ಸುದ್ದಿ ಮುಟ್ಟಿತ್ತು, ಬರ್ಲಿಲ್ಲ. ಅಮ್ಮ ಇದ್ದಿದ್ರೆ ಬರ್ತಿದ್ರು ಅಂತ ನಂಬಿದೀನಿ, ಹಾಗೆ ನಂಬೋಕೆ ಬಿಡಿ ನನ್ನನ್ನ. ಡಿಸ್ಚಾರ್ಜ್ ದಿನ ಪಕ್ಕದ ಬೆಡ್ಡಿನೋರ ಮನೆಯೋರೆಲ್ಲ ಬಂದು ಗಲಾಟೆ ಮಾಡ್ಕೊಂಡು ಕರ್ಕೊಂಡು ಹೋಗ್ತಿದ್ರೆ ನಾನು ಗೋಡೆ ಕಡೆ ತಿರುಗಿ ಮಲಗಿ ಅತ್ತುಬಿಟ್ಟೆ, ಮೂವತ್ತೆಂಟು ವಯಸ್ಸಲ್ಲಿ, ಚಿಕ್ಕ ಹುಡುಗನ ಥರ. ಆಮೇಲೆ ನಮ್ಮೋರು ಬಂದ್ರು. ಜೊತೆಗಾರ, ಗುರುವಾರದ ಗೆಳೆಯರು, ಹಮಾಮಿನ ಇಬ್ರು ಹುಡುಗೀರು, ಅಕ್ಕ. ಸೊಪ್ಪಿನ ಸಾರು ಅನ್ನ ಡಬ್ಬೀಲಿ ತಂದಿದ್ರು. ಕಾರಲ್ಲಿ ಜಾಗ ಸಾಲದೇ ಇಬ್ರು ಆಟೋದಲ್ಲಿ ಹಿಂದೆ ಬಂದ್ರು.

ಈ ಭಾಗದ ಇತಿಹಾಸ ಬರೆಯೋಕೆ ಕೂತಾಗ ನಂಗೆ ಪದೇ ಪದೇ ಸಿಕ್ಕಿದ್ದೂ ಇಂಥದ್ದೇ. ಯಾರದೋ ಲಾಕಪ್ ಮುಂದೆ ರಾತ್ರಿ ಕೂತೋರು, ಹೆಣ ತಗೊಳ್ಳೋಕೆ ಮನೆಯೋರು ಬರದಿದ್ದಾಗ ಮಣ್ಣು ಮಾಡಿದೋರು, ರಾತ್ರಿ ಎಷ್ಟೊತ್ತಾದ್ರೂ ಹೆಲ್ಪ್‌ಲೈನ್ ಕಾಲರ್ ಫೋನ್ ಇಡೋ ತನಕ ತಾವು ಇಡದೇ ಇದ್ದೋರು. ನಮ್ಮಂಥೋರಿಗಿದ್ದ 'ಸಹಾಯ' ಹೆಲ್ಪ್‌ಲೈನಿಗೆ ಒಂದು ಕಾಲದಲ್ಲಿ ನಾನೂ ಕಾಯಿನ್ ಬೂತಿಂದ ಫೋನ್ ಮಾಡಿ ಏನೂ ಮಾತಾಡದೇ ನಿಂತಿದ್ದೆ. ಆ ಕಡೆಯಿದ್ದೋರು ಫೋನ್ ಇಡ್ಲಿಲ್ಲ. ಯಾರು ಅಂತ ಗೊತ್ತಿಲ್ಲ, ಇದನ್ನ ಓದ್ತಿದ್ರೆ ನಿಮಗೂ ಥ್ಯಾಂಕ್ಸ್.

ಮುಂದಿನ ಕೆಲಸ. ರೆಕಾರ್ಡಿಂಗ್‌ಗಳ ಕಾಪಿ ಮೊದಲು ಹೇಳಿದೋರ ಕೈಗೇ ಕೊಟ್ಟಿದೀವಿ, ಅದು ಅವ್ರ ಸ್ವತ್ತು. ಒಪ್ಪಿಗೆ ಕೊಟ್ಟೋರದ್ದು ಮಾತ್ರ ಲಾ ಸ್ಕೂಲಲ್ಲಿರೋ ಕಮ್ರಾ ಅನ್ನೋ ಕ್ವಿಯರ್ ಆರ್ಕೈವಿಗೆ ಕೊಡೋ ಯೋಚನೆ ಇದೆ, ಬೇಡ ಅಂದೋರದ್ದು ಎಲ್ಲಿಗೂ ಹೋಗಲ್ಲ. ನಿಮ್ಮ ಮನೆ ಅಟ್ಟದ ಮೇಲೆ ತೊಂಬತ್ತರ ದಶಕದ ಕರಪತ್ರ, ಮೀಟಿಂಗ್ ನೋಟೀಸು, ಹಮಾಮಿನ ಹಳೇ ಫೋಟೋ ಏನಾದ್ರೂ ಇದ್ರೆ ದಯವಿಟ್ಟು ತೂಕಕ್ಕೆ ಹಾಕ್ಬೇಡಿ, ಒಂದು ಮಾತು ಹೇಳಿ, ನಾವೇ ಬಂದು ಸ್ಕ್ಯಾನ್ ಮಾಡ್ಕೊಂಡು ವಾಪಸ್ ಕೊಡ್ತೀವಿ. ಅಕ್ಕನ ಮೈತ್ರಿ ಪಿಂಚಣಿ (ಟ್ರಾನ್ಸ್‌ಜೆಂಡರ್ ಜನರಿಗೆ ಸರ್ಕಾರ ಕೊಡೋದು) ಪೇಪರು ತಾಲೂಕು ಆಫೀಸಲ್ಲಿ ಸಿಕ್ಕಾಕ್ಕೊಂಡಿದೆ, ಅದರ ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ರೆ ನಂಗೆ ಫೋನ್ ಮಾಡಿ. ಸೋಮವಾರ ಮತ್ತೆ ಹೋಗ್ತಿದೀವಿ, ಈ ಸಲ ನಾನು ಅವ್ರ ಜೊತೆ ಹೋಗ್ತಿದೀನಿ.