ದೀಕ್ಷಾಸ್ನಾನದ ಮೇಲೂ ತಕ್ಕಡಿಯಲ್ಲಿ ಅದೇ ಬಟ್ಟು

ಮಾನ್ಯರೇ,

ಈಸ್ಟರ್ ಬಂದಾಗ ನಿಮ್ಮ ಪತ್ರಿಕೆಯಲ್ಲಿ ಚರ್ಚ್‌ಗಳ ಫೋಟೊ ಬರುತ್ತವೆ, ನೋಡಿ ಖುಷಿಯಾಗುತ್ತದೆ. ನಾನೂ ಕ್ರೈಸ್ತ. ನಮ್ಮ ಸಭೆಗಳಲ್ಲಿ ರಕ್ಷಣೆ ಹೊಂದಿದವರು, ಅಂದರೆ ಯೇಸುವನ್ನು ನಂಬಿ ಪಾಪದಿಂದ ಬಿಡುಗಡೆಯಾದೆ ಅನ್ನುವವರು, ಮೈಕ್ ಹಿಡಿದು ತಮ್ಮ ಬಾಳು ಹೇಗೆ ಬದಲಾಯಿತು ಅಂತ ಸಾಕ್ಷಿ ಹೇಳುತ್ತಾರೆ. ಕುಡಿತ ಬಿಟ್ಟೆ, ಬೀಡಿ ಬಿಟ್ಟೆ, ಸಿನಿಮಾ ಬಿಟ್ಟೆ ಅನ್ನುತ್ತಾರೆ. ಒಳ್ಳೆಯದೇ. ಆದರೆ ಮೋಸ ಮಾಡಿ ತಗೊಂಡದ್ದನ್ನು ವಾಪಸ್ ಕೊಟ್ಟೆ ಅಂತ ಸಾಕ್ಷಿ ಹೇಳಿದ್ದನ್ನು ನಾನು ಕೇಳಿದ್ದು ಬಹಳ ಕಮ್ಮಿ.

ನನ್ನದೇ ಹೇಳುತ್ತೇನೆ. ನನ್ನದು ಹಳ್ಳಿಯ ದಿನಸಿ ಅಂಗಡಿ. ಎಲೆಕ್ಟ್ರಾನಿಕ್ ತಕ್ಕಡಿ ಕೊಳ್ಳುವ ಮುಂಚೆ ಕಬ್ಬಿಣದ ಬಟ್ಟು ಇಟ್ಟು ತೂಗುತ್ತಿದ್ದೆ. ಬಟ್ಟಿನ ತಳದಲ್ಲಿ ಒಂದು ಗುಳಿ ಇರುತ್ತದೆ, ಅದಕ್ಕೆ ಸೀಸ ತುಂಬಿ ಅದರ ಮೇಲೆ ಸರ್ಕಾರದ ಮುದ್ರೆ ಒತ್ತಿರುತ್ತಾರೆ. ಅರ್ಧ ಕೆಜಿ ಬಟ್ಟಿನ ಸೀಸವನ್ನು ನಾನು ಕೆರೆದು ತೆಗೆದಿದ್ದೆ. 25 ಗ್ರಾಂ ಕಮ್ಮಿ. ದೀಕ್ಷಾಸ್ನಾನ (ಕ್ರೈಸ್ತರಾಗಿ ಸಭೆಗೆ ಸೇರುವಾಗ ಮಾಡಿಸುವ ಸ್ನಾನ) ಆಗಿ ಎಂಟು ತಿಂಗಳವರೆಗೂ, ಭಾನುವಾರ ಸಭೆಯಲ್ಲಿ ಕಣ್ಣೀರು ಹಾಕಿ ಸಾಕ್ಷಿ ಹೇಳಿ ಬಂದು, ಬೆಳಗಾದರೆ ಅದೇ ಬಟ್ಟಿನಲ್ಲಿ ಅಕ್ಕಿ ತೂಗುತ್ತಿದ್ದೆ. ದೇವರು ಕ್ಷಮಿಸಿಬಿಟ್ಟಿದ್ದಾನೆ ಅಲ್ವಾ ಅಂತ ಸಮಾಧಾನ ಮಾಡಿಕೊಂಡಿದ್ದೆ. ಒಂದು ದಿನ ಅಂಗಡಿ ಗುಡಿಸುವಾಗ ನನ್ನ ಹೆಂಡತಿ ಬಟ್ಟು ಮಗುಚಿ ನೋಡಿ, "ಇದು ಇನ್ನೂ ಯಾಕೆ ಇಲ್ಲಿದೆ?" ಅಂದಳು. ಅಷ್ಟೇ ಕೇಳಿದ್ದು.

ಆ ರಾತ್ರಿ ಬೈಬಲಿನಲ್ಲಿ ಲೂಕ ಬರೆದ ಸುವಾರ್ತೆಯ 19ನೇ ಅಧ್ಯಾಯ ತೆಗೆದು ಓದಿದೆ. ಅಲ್ಲಿರುವುದು ಜಕ್ಕಾಯನ ಕಥೆ. ಅದನ್ನು ಮಕ್ಕಳಿಗೆ ಹೇಳುವಾಗ ಅವನು ಕುಳ್ಳ, ಮರ ಹತ್ತಿದ ಅನ್ನುವುದರಲ್ಲೇ ಮುಗಿಸುತ್ತೇವೆ. ಅವನು ಯೆರಿಕೋ ಪಟ್ಟಣದ ಸುಂಕದವರ, ಅಂದರೆ ತೆರಿಗೆ ವಸೂಲಿ ಮಾಡುವವರ ಮುಖ್ಯಸ್ಥ. ಮೋಸ ಮಾಡಿದವನು ತಪ್ಪು ಒಪ್ಪಿಕೊಂಡರೆ ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಅಂತ ಬೈಬಲಿನ ಹಳೆ ಒಡಂಬಡಿಕೆಯ ಯಾಜಕಕಾಂಡ ಹೇಳುತ್ತದೆ. ಇವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ದರೆ ಅದಕ್ಕೆ ನಾಲ್ಕರಷ್ಟು ಅಂದುಬಿಟ್ಟ. ಹಳೆ ಒಡಂಬಡಿಕೆಯಲ್ಲಿ ಕುರಿ ಕದ್ದು ಕೊಯ್ದವನು ಕೊಡಬೇಕಾದ ಲೆಕ್ಕ ಅದು. ಯೇಸುಸ್ವಾಮಿ ಅವನನ್ನು ಕೊಡು ಅಂತ ಕೇಳಿರಲಿಲ್ಲ, ಸುಮ್ನೆ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದಿದ್ದರು. ಹಾಗಾಗಿ ದುಡ್ಡು ಕೊಟ್ಟು ರಕ್ಷಣೆ ಕೊಂಡುಕೊಂಡ ಅನ್ನಲಿಕ್ಕೆ ಆಗುವುದಿಲ್ಲ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ರಕ್ಷಣೆ ಕೃಪೆಯಿಂದಲೇ ಅಂತ ಇದೆ. ಅದೇ ಪತ್ರದ 4ನೇ ಅಧ್ಯಾಯದಲ್ಲಿ, ಕದಿಯುತ್ತಿದ್ದವನು ಇನ್ನು ಕದಿಯದೆ ದುಡಿದು ಕೊರತೆಯಲ್ಲಿರುವವರಿಗೆ ಕೊಡಲಿ ಅಂತಲೂ ಇದೆ. ನಮ್ಮಲ್ಲಿ ಮೊದಲನೇದೇ ಜಾಸ್ತಿ ಕೇಳಿಸುತ್ತದೆ.

ಪಾಸ್ಟರ್‌ಗಳಲ್ಲಿ ನನ್ನ ವಿನಂತಿ ಒಂದೇ. ದೀಕ್ಷಾಸ್ನಾನಕ್ಕೆ ಮುಂಚೆ ತರಗತಿ ತಗೊಳ್ಳುತ್ತೀರಲ್ಲ, ಅಲ್ಲಿ ಯಾರಿಗೆ ಏನು ಕೊಡಬೇಕಾಗಿದೆ ಅಂತ ದಯವಿಟ್ಟು ಕೇಳಿ. ತಮ್ಮನ ಜಮೀನು ಒತ್ತಿಕೊಂಡಿರಬಹುದು, ಆಳಿನ ಕೂಲಿ ಉಳಿಸಿಕೊಂಡಿರಬಹುದು, ತಂಗಿಯ ಒಡವೆ ಅಡವಿಟ್ಟು ಬಿಡಿಸದೇ ಇರಬಹುದು. ಕೇಳಿದರೆ ಜನ ಹೇಳುತ್ತಾರೆ. ನನ್ನನ್ನು ಕೇಳಿದ್ದರೆ ನಾನೂ ಹೇಳುತ್ತಿದ್ದೆನೇನೋ.

ನಮ್ಮೂರಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮನೆ ತುಂಬಾ ಜನ, ರೇಷನ್ ಅಕ್ಕಿ ಸಾಲುತ್ತಿರಲಿಲ್ಲ. ಸಂಜೆ ಕೂಲಿ ಮುಗಿಸಿ ಬಂದು ಅರ್ಧ ಕೆಜಿ ಅಕ್ಕಿ ಒಯ್ಯುತ್ತಿದ್ದರು. ವರ್ಷಕ್ಕೆ 300 ದಿನ ಅಂತ ಹಿಡಿದರೆ ನಾಲ್ಕು ವರ್ಷಕ್ಕೆ 30 ಕೆಜಿ ಅಕ್ಕಿ ನಾನು ಕದ್ದಿದ್ದೇನೆ. ಅವರ ಮನೆ ಜಗಲಿ ಮೇಲೆ ಕೂತು ಎಲ್ಲಾ ಹೇಳಿದೆ. ಅವರು ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಲೇ ಇಲ್ಲ. "ಗೊತ್ತಿತ್ತು ಕಣಪ್ಪ. ಊರಲ್ಲಿ ಸಾಲ ಕೊಡೋನು ನೀನೊಬ್ನೇ. ಅದಕ್ಕೆ ಸುಮ್ನಿದ್ದೆ" ಅಂದರು.

ನಾಲ್ಕರಷ್ಟು ಅಂದರೆ 120 ಕೆಜಿ. ಒಟ್ಟಿಗೆ ಕೊಡುವ ಶಕ್ತಿ ಇರಲಿಲ್ಲ, ತಿಂಗಳಿಗೆ 5 ಕೆಜಿಯಂತೆ ಮನೆಗೇ ಮುಟ್ಟಿಸುತ್ತಿದ್ದೇನೆ. ಇನ್ನೆರಡು ತಿಂಗಳದ್ದು ಬಾಕಿ ಇದೆ.

– ಒಬ್ಬ ದಿನಸಿ ಅಂಗಡಿಯವ, ಹಾಸನ ಜಿಲ್ಲೆ