ಟವರ್ ಇಲ್ಲದ ರನ್‌ವೇ: ಪೋಷಕರು ಇದನ್ನೂ ಕೇಳಲಿ

ಮಾನ್ಯ ಸಂಪಾದಕರೇ,

ಪಿಯುಸಿ ರಿಸಲ್ಟ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಪೈಲಟ್ ಕೋರ್ಸಿನ ವಿಚಾರಣೆ ಶುರುವಾಗುತ್ತದೆ. ನಾನು ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದವನು, ನಿವೃತ್ತನಾಗಿ ಈಗ ಕಿನ್ನಿಗೋಳಿಯಲ್ಲಿದ್ದೇನೆ. ಮುಲ್ಕಿ, ಪಡುಬಿದ್ರಿ, ಕಾಪು ಕಡೆಯಿಂದ ತಂದೆ ತಾಯಿ ಮಕ್ಕಳನ್ನು ಕರೆದುಕೊಂಡು ಮನೆಗೆ ಬರುತ್ತಾರೆ. ಅಮೆರಿಕವೋ ಕೆನಡಾವೋ, ಫೀಸ್ ಎಷ್ಟು, ಬ್ಯಾಂಕ್ ಲೋನ್ ಸಿಗುತ್ತದಾ, 200 ಗಂಟೆ ಹಾರಾಟ ಎಷ್ಟು ತಿಂಗಳಲ್ಲಿ ಮುಗಿಯುತ್ತದೆ, ಎಲ್ಲ ಕೇಳುತ್ತಾರೆ. ಮಗ ಅಥವಾ ಮಗಳು ದಿನಾ ಹಾರುವ ಜಾಗದಲ್ಲಿ ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲ್ ಟವರ್ ಇದೆಯಾ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ.

ಬಜ್ಪೆಯನ್ನು ನೋಡಿ ಬೆಳೆದ ನಮಗೆ ವಿಮಾನ ನಿಲ್ದಾಣ ಎಂದಮೇಲೆ ಟವರ್ ಇದ್ದೇ ಇರುತ್ತದೆ ಎಂಬ ನಂಬಿಕೆ. ಯಾರು ಮೊದಲು ಇಳಿಯಬೇಕು, ಯಾರು ಕಾಯಬೇಕು ಎಂದು ಅಲ್ಲಿಂದ ಹೇಳುತ್ತಾರೆ. ಅಮೆರಿಕದಲ್ಲಿ ಸಾರ್ವಜನಿಕರ ಬಳಕೆಗೆ ಇರುವ ವಿಮಾನ ನಿಲ್ದಾಣಗಳು ಸುಮಾರು 5,000. ಟವರ್ ಇರುವುದು 500ರ ಆಸುಪಾಸಿನಲ್ಲಿ ಮಾತ್ರ. ಉಳಿದ ಕಡೆ ಪೈಲಟ್‌ಗಳೇ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು, ಕಣ್ಣಲ್ಲಿ ನೋಡಿಕೊಂಡು ಇಳಿಯಬೇಕು. ಅಲ್ಲಿನ ಪದ್ಧತಿಯೇ ಹಾಗೆ. ಸರಿಯಾಗಿ ಕಲಿಸಿದರೆ ಭಯಪಡಬೇಕಾದ್ದೇನೂ ಇಲ್ಲ. ಕಲಿಸುತ್ತಾರಾ ಎಂಬುದೇ ಪ್ರಶ್ನೆ.

ಇಳಿಯುವ ಮೊದಲು ರನ್‌ವೇ ಬದಿಯಲ್ಲಿ ಆಯತಾಕಾರದ ಒಂದು ದಾರಿ ಹಿಡಿಯುತ್ತೇವೆ. ಅದು ಸರ್ಕಿಟ್. ಎತ್ತರ ಸಾಮಾನ್ಯವಾಗಿ ನೆಲದಿಂದ 1,000 ಅಡಿ. ರನ್‌ವೇ ಪಕ್ಕದಲ್ಲೇ ಹಿಂದಕ್ಕೆ ಸಾಗುವುದು ಡೌನ್‌ವಿಂಡ್, ಅಲ್ಲಿಂದ ಅಡ್ಡ ತಿರುಗಿದರೆ ಬೇಸ್, ರನ್‌ವೇಗೆ ಮುಖ ಮಾಡಿದರೆ ಫೈನಲ್. ಸಣ್ಣ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗುವುದು ಮಳೆ ಮೋಡದಲ್ಲಿ ಎಂದು ಜನ ತಿಳಿದಿದ್ದಾರೆ. ಹೆಚ್ಚಿನವು ಆಗುವುದು ಹಾಡಹಗಲಲ್ಲಿ, ಶುಭ್ರ ಆಕಾಶದಲ್ಲಿ, ನಿಲ್ದಾಣದ ಹತ್ತಿರವೇ. ಎಲ್ಲರೂ ಬಂದು ಸೇರುವ ಜಾಗ ಅದೇ ಅಲ್ವಾ? 2025ರ ಜುಲೈ 8ರಂದು ಕೆನಡಾದ ಸ್ಟೈನ್‌ಬ್ಯಾಕ್ ಬಳಿ ಲ್ಯಾಂಡಿಂಗ್ ಅಭ್ಯಾಸ ಮಾಡುತ್ತಿದ್ದ ಇಬ್ಬರು ವಿದ್ಯಾರ್ಥಿಗಳ ವಿಮಾನಗಳು ಡಿಕ್ಕಿಯಾಗಿ ಇಬ್ಬರೂ ತೀರಿಕೊಂಡರು. ಒಬ್ಬ ನಮ್ಮ ಪಕ್ಕದ ಕೇರಳದ ಹುಡುಗ. ಆ ಸುದ್ದಿ ಓದಿದ ಮೇಲೆ ಮನೆಗೆ ಬರುವ ಪ್ರತಿ ಮಗುವಿನ ಮುಖ ನೋಡುವಾಗಲೂ ನನಗೆ ಸಂಕಟವಾಗುತ್ತದೆ.

ರೇಡಿಯೊ ಇದೆಯಲ್ಲ ಎಂದು ಕೆಲವರು ಕೇಳಬಹುದು. ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ 2022ರ ಆಗಸ್ಟ್ 18ರಂದು ಏನಾಯಿತು ನೋಡಿ. ಸೆಸ್ನಾ 152 ಒಂದು ಸರ್ಕಿಟ್‌ನಲ್ಲಿತ್ತು. ಎಷ್ಟು ಓಡಿಸಿದರೂ 110 ನಾಟ್ (ಗಂಟೆಗೆ ಸುಮಾರು 200 ಕಿ.ಮೀ.) ದಾಟದ ಪುಟ್ಟ ವಿಮಾನ ಅದು. ಎರಡು ಎಂಜಿನ್‌ನ ಸೆಸ್ನಾ 340 ಸರ್ಕಿಟ್‌ಗೆ ಸೇರದೆ ದೂರದಿಂದ ನೇರವಾಗಿ ಫೈನಲ್‌ಗೆ ಬಂತು, ಸುಮಾರು 180 ನಾಟ್ ವೇಗದಲ್ಲಿ. ಇಬ್ಬರೂ ರೇಡಿಯೊದಲ್ಲಿ ಮಾತಾಡುತ್ತಿದ್ದರು. ನೀವು ತುಂಬಾ ಜೋರಾಗಿ ಬರುತ್ತಿದ್ದೀರಿ, ನಾನು ಇಳಿಯದೆ ಮತ್ತೆ ಮೇಲೇರುತ್ತೇನೆ ಎಂಬರ್ಥದಲ್ಲಿ 152ರ ಪೈಲಟ್ ಹೇಳಿಯೂ ಹೇಳಿದರು. ಆದರೂ ಡಿಕ್ಕಿಯಾಯಿತು, ಮೂವರು ಸತ್ತರು. ನೇರ ಫೈನಲ್‌ಗೆ ಬರುವುದಕ್ಕೆ ಅಲ್ಲಿ ನಿಷೇಧವಿಲ್ಲ. ಆದರೆ ಸರ್ಕಿಟ್‌ನಲ್ಲಿ ಬೇರೆಯವರು ಇರುವಾಗ ಆ ವೇಗದಲ್ಲಿ ನುಗ್ಗುವುದು ತಪ್ಪು ಎಂದೇ ನಾನು ಹೇಳುತ್ತೇನೆ.

ಚಾರ್ಮಾಡಿಯ ತಿರುವಿನಲ್ಲಿ ಹಾರ್ನ್ ಹೊಡೆದೆ ಎಂದು ಯಾರಾದರೂ ಕಣ್ಣು ಮುಚ್ಚಿ ಸ್ಟಿಯರಿಂಗ್ ತಿರುಗಿಸುತ್ತಾರಾ? ರೇಡಿಯೊ ಕಾಲ್ ಕೂಡ ಅಷ್ಟೇ. ಇಬ್ಬರು ಒಂದೇ ಸಮಯಕ್ಕೆ ಬಟನ್ ಒತ್ತಿದರೆ ಉಳಿದವರಿಗೆ ಕೇಳುವುದು ಬರೀ ಕಿರ್ರೆಂಬ ಸದ್ದು. ಒತ್ತಿದ ಇಬ್ಬರಿಗೂ ಅದು ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಊರಿನ ನಿಲ್ದಾಣಗಳಿಗೂ ಎಷ್ಟೋ ಕಡೆ ಒಂದೇ ಫ್ರೀಕ್ವೆನ್ಸಿ. ಅದಕ್ಕೇ ಕಾಲ್‌ನ ಮೊದಲಿಗೂ ಕೊನೆಗೂ ಊರ ಹೆಸರು ಹೇಳಬೇಕು.

ಕಣ್ಣಿನ ವಿಷಯ ಇನ್ನೂ ಸೂಕ್ಷ್ಮ. ಡಿಕ್ಕಿಯಾಗುವಂತೆ ಬರುವ ವಿಮಾನ ಗಾಜಿನಲ್ಲಿ ಸರಿದಾಡುವುದಿಲ್ಲ. ಒಂದೇ ಕಡೆ ಸಣ್ಣ ಕಪ್ಪು ಚುಕ್ಕೆಯಾಗಿ ನಿಂತಿರುತ್ತದೆ. ಬಹಳ ಹೊತ್ತು ಹಾಗೇ ಇದ್ದು, ಕೊನೆಗೆ ಒಮ್ಮೆಲೇ ದೊಡ್ಡದಾಗುತ್ತದೆ. ಕಿಟಕಿಯ ಕಂಬದ ಹಿಂದೆ ಸಿಕ್ಕಿಕೊಂಡರೆ ಅದೂ ಕಾಣುವುದಿಲ್ಲ. ಕುತ್ತಿಗೆ ಚಾಚಿ ನೋಡು ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುತ್ತಲೇ ಇರುತ್ತಿದ್ದೆ. ಕಂಡದ್ದು ವಿಮಾನ ಎಂದು ತಿಳಿದು, ನಿರ್ಧಾರ ಮಾಡಿ, ವಿಮಾನ ತಿರುಗಲು ಒಟ್ಟು 12.5 ಸೆಕೆಂಡ್ ಬೇಕೆಂಬುದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಲೆಕ್ಕ. ತಲಾ 100 ನಾಟ್‌ನಲ್ಲಿ ಎದುರುಬದುರಾಗುವ ಎರಡು ವಿಮಾನಗಳು ಅಷ್ಟರಲ್ಲಿ ಒಂದೂಕಾಲು ಕಿಲೋಮೀಟರ್ ಹತ್ತಿರ ಬಂದಿರುತ್ತವೆ.

ರೆಕ್ಕೆಯದ್ದೂ ಒಂದು ಕಥೆ. ಸೆಸ್ನಾ 152ರಂಥ ತರಬೇತಿ ವಿಮಾನದ ರೆಕ್ಕೆ ತಲೆಯ ಮೇಲೆ, ಪೈಪರ್ ಚೆರೋಕಿಯದ್ದು ಕಾಲಿನ ಕೆಳಗೆ. ಫೈನಲ್‌ನಲ್ಲಿ ಸೆಸ್ನಾ ಕೆಳಗಿದ್ದು ಚೆರೋಕಿ ಅದರ ಮೇಲೆ ಇಳಿಯುತ್ತಿದ್ದರೆ ಇಬ್ಬರಿಗೂ ಇಬ್ಬರೂ ಕಾಣುವುದಿಲ್ಲ. ಹಾಗಾಗಿ ಬೇಸ್‌ನಿಂದ ತಿರುಗುವ ಮೊದಲೇ ಫೈನಲ್ ದಾರಿಯನ್ನು ತುದಿಯವರೆಗೆ, ಮೇಲೂ ಕೆಳಗೂ, ನೋಡಿಯೇ ತಿರುಗಬೇಕು. ಅನುಮಾನ ಬಂದರೆ ಇಳಿಯಬಾರದು.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯಲ್ಲಿ ಎರಡು ದೊಡ್ಡ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ನಮ್ಮ ದೇಶದಲ್ಲಿ ದೊಡ್ಡ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಟಿಕಾಸ್ ಉಪಕರಣ ಕಡ್ಡಾಯವಾಯಿತು. ತರಬೇತಿಯ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಈಗ ಸುತ್ತಲಿನ ವಿಮಾನಗಳನ್ನು ಟ್ಯಾಬ್ಲೆಟ್‌ನಲ್ಲಿ ತೋರಿಸುವ ಎಡಿಎಸ್-ಬಿ ರಿಸೀವರ್‌ಗಳು ಬಂದಿವೆ. ಸಿಗ್ನಲ್ ಕಳಿಸದ ವಿಮಾನ ಅದರಲ್ಲಿ ಕಾಣದಿರಬಹುದು. ಆದರೂ ಇರುವುದು ಒಳ್ಳೆಯದು. ನಮ್ಮಲ್ಲಿ ಟವರ್ ಇಲ್ಲದ ಕಡೆ ಹಾರುವ ಪ್ರತಿ ತರಬೇತಿ ವಿಮಾನದಲ್ಲೂ ಇಂಥದ್ದೊಂದು ಇರುವಂತೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ನೋಡಿಕೊಳ್ಳಬೇಕು.

ತಂದೆ ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ದುಡ್ಡು ಕಟ್ಟುವ ಮೊದಲು ಶಾಲೆಯವರಿಗೆ ಫೋನ್ ಮಾಡಿ. ಟವರ್ ಇಲ್ಲದಿದ್ದರೆ ಸರ್ಕಿಟ್‌ನಲ್ಲಿ ಒಮ್ಮೆಗೆ ಎಷ್ಟು ವಿಮಾನ ಬಿಡುತ್ತೀರಿ, ವಿಮಾನದಲ್ಲಿ ಎಡಿಎಸ್-ಬಿ ಇದೆಯಾ, ಒಬ್ಬಂಟಿಯಾಗಿ ಹಾರುವ ವಿದ್ಯಾರ್ಥಿಗಳನ್ನು ಕೆಳಗಿನಿಂದ ಯಾರು ಗಮನಿಸುತ್ತಾರೆ ಎಂದು ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಸಂಪಾದಕರೇ, ನಿಮ್ಮ ಶಿಕ್ಷಣ ಪುಟದಲ್ಲಿ ಪೈಲಟ್ ಕೋರ್ಸ್ ಬಗ್ಗೆ ಬರೆಯುವಾಗ ಫೀಸಿನ ಜೊತೆ ಈ ಪ್ರಶ್ನೆಗಳನ್ನೂ ದಯವಿಟ್ಟು ಹಾಕಿ.

– ನಿವೃತ್ತ ವಿಮಾನ ತರಬೇತುದಾರ, ಕಿನ್ನಿಗೋಳಿ